ಬೈದ ಮೇಲೆ ಮಗುವಿಗೆ ಏನು ಗೊತ್ತಾಯಿತು?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಒಬ್ಬರು ಶಿಕ್ಷಕರು ಬರೆದಿದ್ದರು. ಈಗಿನ ಮಕ್ಕಳಿಗೆ ಒಂದು ಮಾತು ಹೇಳುವ ಹಾಗಿಲ್ಲ, ಹೇಳಿದರೆ ಮರುದಿನ ಅಪ್ಪ ಅಮ್ಮ ಶಾಲೆಗೆ ಬಂದು ನಿಲ್ಲುತ್ತಾರೆ, ಕಾನೂನು ನಮ್ಮ ಬಾಯಿಗೆ ಬೀಗ ಹಾಕಿದೆ, ಇನ್ನು ಮಕ್ಕಳು ಉದ್ಧಾರ ಆಗುವುದು ಹೇಗೆ ಅಂತ. ಅವರ ಬೇಸರ ನನಗೆ ಅರ್ಥ ಆಗುತ್ತದೆ. ನಾನೂ 31 ವರ್ಷ ಉಡುಪಿ ಆಸುಪಾಸಿನ ಹೈಸ್ಕೂಲುಗಳಲ್ಲಿ ಕನ್ನಡ ಪಾಠ ಮಾಡಿದವಳು. ಆದರೂ ಅವರ ಮಾತು ಪೂರ್ತಿ ಸರಿ ಅಂತ ಅನಿಸಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಕತ್ತರಿಸಬೇಡಿ.

ಕಾನೂನಿನ ವಿಷಯ ಮೊದಲು ಮುಗಿಸುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಮಗುವಿಗೆ ಹೊಡೆಯಬಾರದು, ಮಾನಸಿಕ ಹಿಂಸೆ ಕೊಡಬಾರದು ಅಂತ ಅದರ 17ನೇ ಸೆಕ್ಷನ್ ಹೇಳುತ್ತದೆ. ತಪ್ಪು ತೋರಿಸಬಾರದು ಅಂತ ಎಲ್ಲೂ ಇಲ್ಲ. ಹೊಡೆಯುವುದು, ಹೀಯಾಳಿಸುವುದು ಬಿಟ್ಟರೆ ಬೇರೆ ದಾರಿಯೇ ಗೊತ್ತಿಲ್ಲ ಅಂತಾದರೆ ಕಾನೂನನ್ನು ದೂರಿ ಏನು ಬಂತು? ನನ್ನ ಬಿ.ಎಡ್. ಕಾಲದಲ್ಲಿ ಪಾಠ ಯೋಜನೆ ಬರೆಯಲು ಕಲಿಸಿದರು, ಹಲಗೆಯ ಮೇಲೆ ಸಾಲು ನೇರ ಬರುವ ಹಾಗೆ ಬರೆಯಲು ಕಲಿಸಿದರು. ಒಂದು ಮಗುವಿಗೆ ಅದರ ತಪ್ಪನ್ನು ಹೇಗೆ ಹೇಳಬೇಕು ಅಂತ ಯಾರೂ ಒಂದು ಪೀರಿಯಡ್ ತೆಗೆದುಕೊಳ್ಳಲಿಲ್ಲ. ನಮ್ಮ ಮಾಷ್ಟ್ರು ನಮಗೆ ಹೇಗೆ ಬೈದಿದ್ದರೋ ನಾವೂ ಹಾಗೇ ಬೈದೆವು.

ಆ ಪತ್ರ ಬಂದ ಎರಡು ದಿನಕ್ಕೆ ನಾನು ಮಂಗಳೂರಿಗೆ ಹೋಗಿದ್ದೆ. ಮಗಳಿಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ, ಎಂಟನೇ ಕ್ಲಾಸಿನ ಮೊಮ್ಮಗಳ ಪೋಷಕರ ಸಭೆಗೆ ನಾನೇ ಹೋದೆ. ಶಾಲೆಯ ಹೆಸರು ಬೇಡ. ಗಣಿತದ ಟೀಚರ ಎದುರು ನನಗೊಂದು ಕುರ್ಚಿ ಇತ್ತು, ಹಿಂದೆ ಸಾಲಿನಲ್ಲಿ ಐದಾರು ಮಂದಿ ಅಪ್ಪ ಅಮ್ಮಂದಿರು, ಮಗು ನನ್ನ ಪಕ್ಕದಲ್ಲಿ ನಿಂತುಕೊಂಡಿತ್ತು. ಟೀಚರ್ ಉತ್ತರ ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟು ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ನೋಡಿ ಅಮ್ಮ, ಬರೀ ಮಾತು ಇವಳದ್ದು. ತಲೆಗೆ ಏನೂ ಹೋಗುವುದಿಲ್ಲ. ಹೀಗೇ ಆದ್ರೆ ಹತ್ತನೇ ಕ್ಲಾಸಿನಲ್ಲಿ ನಮ್ಮ ಶಾಲೆಯ ರಿಸಲ್ಟ್ ಹಾಳು ಮಾಡ್ತಾಳೆ." ಹಿಂದೆ ಯಾರೋ ನಕ್ಕರು. ಮಗು ಕೊರಳಲ್ಲಿದ್ದ ಐಡಿ ಕಾರ್ಡಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ಸುತ್ತುತ್ತಿತ್ತು, ಬೆರಳ ತುದಿ ಬಿಳಿಚುವಷ್ಟು ಬಿಗಿಯಾಗಿ.

ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವಾಗ ಕೇಳಿದೆ, "ಪುಟ್ಟಿ, ಟೀಚರ್ ಹೇಳಿದ್ರಲ್ಲ, ಎಂತ ಸರಿ ಮಾಡಬೇಕಂತೆ ನೀನು?" ಅವಳು ಸುಮಾರು ಹೊತ್ತು ಯೋಚನೆ ಮಾಡಿದಳು. "ಗೊತ್ತಿಲ್ಲ ಅಜ್ಜಿ. ನಂಗೆ ತಲೆ ಇಲ್ಲ ಅಂತ ಹೇಳಿದ್ದು" ಅಂದಳು.

ಮನೆಗೆ ಬಂದು ಉತ್ತರ ಪತ್ರಿಕೆ ಬಿಡಿಸಿದೆ. ನಾನು ಗಣಿತದವಳಲ್ಲ, ಆದರೂ ಕಂಡಿತು. ಬೀಜಗಣಿತದ 5 ಲೆಕ್ಕಗಳಲ್ಲಿ 4 ತಪ್ಪಿತ್ತು, ನಾಲ್ಕರಲ್ಲೂ ಎಡವಿದ್ದು ಒಂದೇ ಕಡೆ. ಬ್ರಾಕೆಟಿನ ಹೊರಗೆ ಮೈನಸ್ ಇದ್ದರೆ, ಬ್ರಾಕೆಟ್ ಬಿಡಿಸುವಾಗ ಒಳಗಿನ ಎಲ್ಲ ಚಿಹ್ನೆಗಳೂ ಬದಲಾಗಬೇಕಲ್ವಾ, ಅವಳು ಮೊದಲನೆಯದನ್ನು ಮಾತ್ರ ಬದಲಿಸಿ ಎರಡನೆಯದನ್ನು ಹಾಗೇ ಬಿಟ್ಟಿದ್ದಳು. ಉಳಿದದ್ದೆಲ್ಲ ಸರಿ. ಟೀಚರ್ ನಾಲ್ಕಕ್ಕೂ ಉದ್ದಕ್ಕೆ ಕೆಂಪು ಗೆರೆ ಎಳೆದು ಸೊನ್ನೆ ಹಾಕಿದ್ದರು. "ಮೈನಸ್ ಬಂದಲ್ಲಿ ಎರಡನೇ ಚಿಹ್ನೆ ಮರೆಯುತ್ತಿ, ಅದೊಂದು ನೋಡಿಕೋ" ಅಂತ ಹೇಳಲಿಕ್ಕೆ ಅರ್ಧ ನಿಮಿಷ ಸಾಕಿತ್ತು. ತಲೆಗೆ ಹೋಗುವುದಿಲ್ಲ ಅಂತ ಹೇಳಲಿಕ್ಕೂ ಅಷ್ಟೇ ಹೊತ್ತು ಹಿಡಿದದ್ದು.

ನಾನು ಹೇಳಬೇಕು ಅಂತಿರುವುದು ಇದನ್ನೇ. ತಪ್ಪು ಹೇಳಿದ ಮೇಲೆ ಮಗುವನ್ನು ಕೇಳಿ ನೋಡಿ, ನಾಳೆ ನೀನು ಯಾವುದನ್ನು ಬೇರೆ ರೀತಿ ಮಾಡುತ್ತಿ ಅಂತ. ಮಗುವಿಗೆ ಉತ್ತರ ಗೊತ್ತಿದ್ದರೆ ನೀವು ತಿದ್ದಿದ್ದೀರಿ. ಗೊತ್ತಿಲ್ಲದಿದ್ದರೆ ಬರೀ ಬೈದದ್ದು. ಮಾತು ಮೆತ್ತಗಿತ್ತಾ, ಜೋರಿತ್ತಾ ಅನ್ನುವುದು ಆಮೇಲಿನ ವಿಷಯ.

ಇದು ಬೇರೆಯವರನ್ನು ನೋಡಿ ನನಗೆ ಬಂದ ಬುದ್ಧಿ ಅಲ್ಲ. ನಾನೇ ಮಾಡಿದ ತಪ್ಪು ಇದೆ, ಅದನ್ನು ಬರೆಯದೆ ಹೋದರೆ ಈ ಪತ್ರ ಬರೆಯುವ ಹಕ್ಕು ನನಗಿಲ್ಲ. ಮಲ್ಪೆ ಕಡೆಯ ಒಂದು ಹೈಸ್ಕೂಲಿನಲ್ಲಿ ಇದ್ದಾಗ ಒಂಬತ್ತನೇ ಕ್ಲಾಸಿಗೆ "ಮಳೆಗಾಲ" ಅಂತ ಪ್ರಬಂಧ ಕೊಟ್ಟಿದ್ದೆ. ಒಬ್ಬ ಹುಡುಗ ಒಂದೂವರೆ ಪುಟ ಬರೆದಿದ್ದ. ಅವನ ಅಪ್ಪ ಬೋಟಿಗೆ ಹೋಗುವವರು. ಮಳೆಗಾಲದಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಈಗ ಅದು ಜೂನ್ 1ರಿಂದ ಜುಲೈ 31ರ ತನಕ 61 ದಿನ. ಆ ದಿನಗಳಲ್ಲಿ ಅಪ್ಪ ಮನೆಯಲ್ಲೇ ಇರುವುದು, ಜಗಲಿಯಲ್ಲಿ ಕೂತು ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹರಿದದ್ದನ್ನು ಹೊಲಿಯುವುದು, ಸಾಲದ ಮಾತು ಬಂದರೆ ಅಮ್ಮ ರೇಡಿಯೋ ಜೋರು ಮಾಡುವುದು, ಎಲ್ಲ ಬರೆದಿದ್ದ. ನಾನು ಅದನ್ನು ಓದಲೇ ಇಲ್ಲ. ಕೆಂಪು ಪೆನ್ನು ಹಿಡಿದು ಅಕ್ಷರ ನೋಡಿದೆ. 23 ಕಡೆ ಸುತ್ತು ಹಾಕಿದೆ. ಕೆಳಗೆ "ವಿಪರೀತ ತಪ್ಪು. ಇದು ಒಂಬತ್ತನೇ ಕ್ಲಾಸಿನ ಕನ್ನಡವೇ?" ಅಂತ ಬರೆದೆ. ಅಲ್ಲಿಗೂ ಬಿಡಲಿಲ್ಲ. ಪುಸ್ತಕ ಹಂಚುವಾಗ ಎಲ್ಲರ ಎದುರು "ನೀನೂ ಬೋಟಿಗೇ ಹೋಗುವವನು, ನಿನಗೆಂತಕ್ಕೆ ಮಹಾಪ್ರಾಣ" ಅಂದೆ. ಕ್ಲಾಸು ನಕ್ಕಿತು. ಆ ಮಾತು ಅವನಿಗೆ ತಾಗಿತು, ಅವನ ಅಪ್ಪನಿಗೆ ತಾಗಿತು, ಆ ಕ್ಲಾಸಿನಲ್ಲಿದ್ದ ಅರ್ಧ ಮಕ್ಕಳ ಅಪ್ಪಂದಿರಿಗೆ ತಾಗಿತು.

ಅದರ ನಂತರ ಅವನ ಪುಸ್ತಕದಲ್ಲಿ ತಪ್ಪು ಕಡಿಮೆ ಆಯಿತು. ಹೇಳಿದ್ದು ನಾಟಿದೆ ಅಂತ ನನಗೆ ಖುಷಿ. ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಗೊತ್ತಾಯಿತು ತಪ್ಪು ಕಡಿಮೆ ಆದದ್ದು ಯಾಕೆ ಅಂತ. ಅವನು ಬರೆಯುವುದನ್ನೇ ಕಡಿಮೆ ಮಾಡಿದ್ದ. ಒಂದೂವರೆ ಪುಟ ಬರೆಯುತ್ತಿದ್ದವನು ಆರು ಸಾಲಿಗೆ ಬಂದಿದ್ದ. ಖಂಡಿತ ಗೊತ್ತಿರುವ ಶಬ್ದಗಳು ಮಾತ್ರ. "ಮಳೆ ಬರುತ್ತದೆ. ಕೆರೆ ತುಂಬುತ್ತದೆ. ರೈತನಿಗೆ ಸಂತೋಷ." ಕಡಲ ಬದಿಯ ಹುಡುಗ ರೈತನ ಬಗ್ಗೆ ಬರೆಯುತ್ತಿದ್ದ.

ಆಗ ಹಳೆಯ ಪುಸ್ತಕ ತರಿಸಿ ಕೂತು ನೋಡಿದೆ. 23 ಸುತ್ತುಗಳಲ್ಲಿ 17 ಒಂದೇ ತರದವು. ದೈರ್ಯ, ಬಯ, ಅರ್ದ, ವಿದ್ಯಾಬ್ಯಾಸ. ತುಳುವಿನಲ್ಲಿ ಮಾತಾಡುವಾಗ ಮಹಾಪ್ರಾಣ ನಾಲಿಗೆಗೆ ಬರುವುದೇ ಇಲ್ಲ, ಮನೆಯಲ್ಲಿ ಕೇಳದ ಸದ್ದನ್ನು ಮಗು ಪುಸ್ತಕದಲ್ಲಿ ಎಲ್ಲಿಂದ ತರಬೇಕು? ಉಳಿದ 6 ಅದರ ಹೆದರಿಕೆಯಿಂದಲೇ ಬಂದವು. ಭಾಗಿಲು, ಭಲೆ ಅಂತ ಬೇಡದ ಕಡೆಯೂ ಹೊಟ್ಟೆ ಸೀಳಿದ್ದ. ಅಂದರೆ ಹುಡುಗನಲ್ಲಿ ಇದ್ದದ್ದು ಒಂದು ತಪ್ಪು. ನಾನು ಅದನ್ನು 23 ಮಾಡಿ ಅವನ ತಲೆಯ ಮೇಲೆ ಹೊರಿಸಿದ್ದೆ.

ಮರುದಿನ ಊಟದ ಬಿಡುವಿನಲ್ಲಿ ಅವನನ್ನು ಶಾಲೆಯ ಜಗಲಿಯ ಕೊನೆಗೆ ಕರೆದೆ. ಸ್ಟಾಫ್ ರೂಮಿಗೆ ಕರೆಯಲಿಲ್ಲ. ಅಲ್ಲಿ ಬೇರೆ ಮಕ್ಕಳು ಇರುವುದಿಲ್ಲ, ಗುಟ್ಟಾಗಿ ಹೇಳಿದ ಹಾಗೆ ಆಯಿತು ಅಂತ ನಾವು ತಿಳಿಯುತ್ತೇವೆ. ಆದರೆ ಅಲ್ಲಿ ಒಬ್ಬರು ಶುರು ಮಾಡಿದರೆ ಪಕ್ಕದ ಮೇಜಿನ ಸರ್ "ನನ್ನ ಪೀರಿಯಡಿನಲ್ಲೂ ಹೀಗೇ ಇವನು" ಅಂತ ಸೇರಿಸುತ್ತಾರೆ, ಇನ್ನೊಬ್ಬರು ಟೀಚರ್ "ಇವನ ಅಕ್ಕ ಎಷ್ಟು ಲಾಯ್ಕ ಓದ್ತಿದ್ಳು" ಅನ್ನುತ್ತಾರೆ, ಮಗು ನಾಲ್ಕು ಮಂದಿಯ ನಡುವೆ ನಿಂತಿರುತ್ತದೆ. ಅವನ ಹತ್ತಿರ ತುಳುವಿನಲ್ಲೇ ಮಾತಾಡಿದೆ. ಅವತ್ತು ನಾನು ಹೇಳಿದ ಮಾತು ತಪ್ಪು ಅಂದೆ. ಅವನು ನೆಲ ನೋಡುತ್ತಿದ್ದ. ಆಮೇಲೆ ಅಪ್ಪ ಹೆಬ್ಬೆರಳಿಗೆ ಬಲೆ ಸಿಕ್ಕಿಸುವ ಸಾಲನ್ನು ಓದಿ, ಇದನ್ನು ನಾನು ಕಣ್ಣಲ್ಲಿ ನೋಡಿದ ಹಾಗಾಯಿತು ಅಂದೆ. ಸುಮ್ನೆ ಹೊಗಳಿದ್ದಲ್ಲ, ನಿಜವಾಗಿ ಹಾಗೇ ಇತ್ತು. ಆಗ ತಲೆ ಎತ್ತಿದ. "ನಿನ್ನದು ಒಂದೇ ತಪ್ಪು ಮಗಾ. ಈ ವಾರ ದ ಮತ್ತು ಧ ಮಾತ್ರ ನೋಡುವ. ಬೇರೆ ಯಾವುದಕ್ಕೂ ನಾನು ಸುತ್ತು ಹಾಕುವುದಿಲ್ಲ. ಎಲ್ಲಿ ಸಂಶಯ ಬರುತ್ತದೋ ಅಲ್ಲಿ ನೀನೇ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಹಾಕು" ಅಂದೆ. ಮುಂದಿನ ವಾರ ಬ ಮತ್ತು ಭ. ಅವನೇ ಚುಕ್ಕೆ ಹಾಕಲು ಶುರು ಮಾಡಿದ ಮೇಲೆ ನನ್ನ ಕೆಂಪು ಪೆನ್ನಿಗೆ ಕೆಲಸ ಕಡಿಮೆ ಆಯಿತು. ಪ್ರಬಂಧ ಮತ್ತೆ ಒಂದು ಪುಟ ದಾಟಲು ಮಾತ್ರ ವರ್ಷವೇ ಮುಗಿಯಬೇಕಾಯಿತು.

ತಿದ್ದುವುದು ಅನ್ನುವ ನಮ್ಮ ಶಬ್ದವನ್ನೇ ನೋಡಿ. ವಿಜಯದಶಮಿಗೆ ಕೊಲ್ಲೂರಿನಲ್ಲಿ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಅಕ್ಷರ ಬರೆಸುತ್ತಾರೆ. ಆಮೇಲೆ ಸ್ಲೇಟಿನಲ್ಲಿ ಟೀಚರ್ ಒಂದು ಅ ಬರೆದುಕೊಡುತ್ತಾರೆ, ಮಗು ಅದರ ಮೇಲೆಯೇ ಮತ್ತೆ ಮತ್ತೆ ಕಡ್ಡಿ ಓಡಿಸುತ್ತದೆ. ಅದಕ್ಕೂ ನಾವು ತಿದ್ದುವುದು ಅಂತಲೇ ಹೇಳುವುದು. ಅಲ್ಲಿ ತಿದ್ದುವ ಕೈ ಮಗುವಿನದ್ದು. ದೊಡ್ಡ ಕ್ಲಾಸಿಗೆ ಬರುವಾಗ ಆ ಕೆಲಸವನ್ನು ನಾವು ಕಿತ್ತುಕೊಂಡಿದ್ದೇವೆ. ನಾವು ತಿದ್ದುತ್ತೇವೆ, ಮಗು ಮಾರ್ಕು ನೋಡಿ ಪುಸ್ತಕ ಮುಚ್ಚುತ್ತದೆ. ಇನ್ನೊಮ್ಮೆ ಮಾಡಿ ತರಲು ಅವಕಾಶ ಕೊಡದಿದ್ದರೆ ಆ ಕೆಂಪು ಶಾಯಿ ಯಾರಿಗೋಸ್ಕರ?

ನನ್ನ ಸೊಸೆ ಬಿ.ಎಡ್. ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಾಳೆ. ಈ ಪತ್ರದ ವಿಷಯ ಹೇಳಿದಾಗ ಎರಡು ಅಧ್ಯಯನಗಳನ್ನು ಓದಲು ಕೊಟ್ಟಳು. ಒಂದು 1988ರದ್ದು, ಇಸ್ರೇಲಿನ ರೂತ್ ಬಟ್ಲರ್ ಅವರದ್ದು. ಮಕ್ಕಳಲ್ಲಿ ಕೆಲವರಿಗೆ ಬರೀ ಮಾರ್ಕು, ಕೆಲವರಿಗೆ ಬರೀ ಟಿಪ್ಪಣಿ, ಇನ್ನು ಕೆಲವರಿಗೆ ಎರಡೂ ಕೊಟ್ಟು ನೋಡಿದರು. ಮುಂದಿನ ಕೆಲಸದಲ್ಲಿ ಸುಧಾರಿಸಿದ್ದು ಬರೀ ಟಿಪ್ಪಣಿ ಸಿಕ್ಕಿದವರು. ಮಾರ್ಕು ಮತ್ತು ಟಿಪ್ಪಣಿ ಎರಡೂ ಸಿಕ್ಕಿದವರಿಗೆ ಆ ಲಾಭ ಆಗಲಿಲ್ಲ. ನನಗೆ ಇದು ಆಶ್ಚರ್ಯ ಅನಿಸಲಿಲ್ಲ. ಮಾರ್ಕು ಕಂಡ ಮೇಲೆ ಕೆಳಗಿನ ಸಾಲು ಯಾರು ಓದುತ್ತಾರೆ? ಪಕ್ಕದವನಿಗೆ ಎಷ್ಟು ಅಂತ ನೋಡುವುದೇ ಮೊದಲು. ನಿವೃತ್ತಿಗೆ ಮುಂಚಿನ ಕೆಲವು ವರ್ಷ ನಾನೂ ಪ್ರಬಂಧದ ಮಾರ್ಕನ್ನು ನನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಮಕ್ಕಳಿಗೆ ಎರಡು ಸಾಲು ಬರೆದುಕೊಟ್ಟು, ಅವರು ತಿದ್ದಿ ತಂದ ಮೇಲೆಯೇ ಮಾರ್ಕು ಹೇಳುತ್ತಿದ್ದೆ. ಮೊದಲ ತಿಂಗಳು ಗಲಾಟೆ ಆಯಿತು, ಆಮೇಲೆ ಅಭ್ಯಾಸ ಆಯಿತು.

ಇನ್ನೊಂದನ್ನು 2014ರಲ್ಲಿ ಅಮೆರಿಕದ ಡೇವಿಡ್ ಯೇಗರ್ ಮತ್ತು ಸಂಗಡಿಗರು ಪ್ರಕಟಿಸಿದರು. ಏಳನೇ ಕ್ಲಾಸಿನ ಮಕ್ಕಳ ಪ್ರಬಂಧಗಳಲ್ಲಿ ಅವರ ಟೀಚರುಗಳೇ ತಪ್ಪು ಗುರುತು ಮಾಡಿದರು. ಹಿಂದಿರುಗಿಸುವಾಗ ಜೊತೆಗೆ ಒಂದು ಚೀಟಿ. ಕೆಲವರ ಚೀಟಿಯಲ್ಲಿ, ನಿನ್ನ ಪ್ರಬಂಧದ ಬಗ್ಗೆ ನಿನಗೆ ತಿಳಿಯಲಿ ಅಂತ ಬರೆದಿದ್ದೇನೆ ಅಂತ ಇತ್ತು. ಉಳಿದವರದ್ದರಲ್ಲಿ, ನಿನ್ನ ಮೇಲೆ ನನಗೆ ದೊಡ್ಡ ನಿರೀಕ್ಷೆ ಇದೆ, ಅದನ್ನು ನೀನು ಮುಟ್ಟುತ್ತಿ ಅಂತ ಗೊತ್ತು, ಅದಕ್ಕೇ ಇಷ್ಟು ಬರೆದಿದ್ದೇನೆ ಅಂತ. ಕಪ್ಪು ಜನಾಂಗದ ಮಕ್ಕಳಲ್ಲಿ ಮೊದಲ ಚೀಟಿ ಸಿಕ್ಕಿದವರ ಪೈಕಿ ಪ್ರಬಂಧ ತಿದ್ದಿ ತಂದವರು ಶೇ. 17. ಎರಡನೆಯದು ಸಿಕ್ಕಿದವರಲ್ಲಿ ಶೇ. 72. ಬಿಳಿಯ ಮಕ್ಕಳಲ್ಲಿ ಇಷ್ಟು ವ್ಯತ್ಯಾಸ ಇರಲಿಲ್ಲ.

ಆ ದೇಶದ ಕಥೆ ಬೇರೆ, ನಮ್ಮದು ಬೇರೆ, ಒಪ್ಪುತ್ತೇನೆ. ಆದರೆ ಈ ಟೀಚರಿಗೆ ನಮ್ಮಂಥವರು ಲೆಕ್ಕಕ್ಕೇ ಇಲ್ಲ ಅಂದುಕೊಂಡು ಹಿಂದಿನ ಬೆಂಚಿನಲ್ಲಿ ಕೂತಿರುವ ಮಕ್ಕಳು ನಮ್ಮಲ್ಲೂ ಇದ್ದಾರೆ. ಬೋಟಿಗೆ ಹೋಗುವವರ ಮಗ, ಬೀಡಿ ಕಟ್ಟುವವರ ಮಗಳು, ಘಟ್ಟದ ಮೇಲಿಂದ ಕೂಲಿಗೆ ಬಂದವರ ಮಕ್ಕಳು. "ಓದಲಿಕ್ಕೆ ಆಗದಿದ್ರೆ ಬೀಡಿ ಕಟ್ಟಲಿಕ್ಕೆ ಹೋಗು" ಅನ್ನುವ ಬೈಗಳನ್ನು ಉಡುಪಿ, ದಕ್ಷಿಣ ಕನ್ನಡ ಈ ಎರಡು ಜಿಲ್ಲೆಗಳಲ್ಲಿ ಎಷ್ಟು ಸಲ ಕೇಳಿದ್ದೇನೆ. ಆ ಬೀಡಿಯ ದುಡ್ಡಿನಲ್ಲೇ ಆ ಮಗುವಿನ ಚೀಲ, ಕೊಡೆ, ಚಪ್ಪಲಿ ಬಂದಿರುತ್ತದೆ. ದಯವಿಟ್ಟು ಆ ಮಾತನ್ನು ಯಾರೂ ಆಡಬೇಡಿ.

ತಪ್ಪು ಹೇಳುವುದು ಹೇಗೆ ಅಂತ ನೋಡಬೇಕಾದರೆ ಮಕ್ಕಳಿಗೆ ಯಕ್ಷಗಾನ ಕಲಿಸುವಲ್ಲಿ ಒಂದು ಸಂಜೆ ಕೂತುಕೊಳ್ಳಿ. ನಮ್ಮ ಶಾಲೆಗೆ ಬರುತ್ತಿದ್ದ ಗುರುಗಳು ಬಾಯಿತಾಳ ಹೇಳುತ್ತಾ ಮಕ್ಕಳನ್ನು ಕುಣಿಸುತ್ತಿದ್ದರು. ಯಾರದ್ದಾದರೂ ಹೆಜ್ಜೆ ತಪ್ಪಿದರೆ ತಾಳ ನಿಲ್ಲುತ್ತಿತ್ತು. "ನಿನಗೆ ಕುಣಿತ ಬರುವುದಿಲ್ಲ" ಅಂತ ಅವರು ಒಮ್ಮೆ ಹೇಳಿದ್ದನ್ನೂ ನಾನು ಕೇಳಲಿಲ್ಲ. "ಎಡಗಾಲು ಬೇಗ ಬಂತು" ಅನ್ನುತ್ತಿದ್ದರು. ಪಕ್ಕದಲ್ಲಿ ನಿಂತು ಆ ಹೆಜ್ಜೆಯನ್ನು ತಾನೇ ಹಾಕಿ ತೋರಿಸಿ, ಅದೇ ಜಾಗದಿಂದ ಮತ್ತೆ ತಾಳ ಎತ್ತುತ್ತಿದ್ದರು. ಮಗು ಆಗಲೇ, ಅಲ್ಲೇ ಸರಿ ಮಾಡುತ್ತಿತ್ತು. ಅವರ ಸ್ವರ ಜೋರೇ ಇತ್ತು, ಕಣ್ಣು ದೊಡ್ಡದು ಮಾಡುತ್ತಿದ್ದರು. ಆದರೂ ಮಕ್ಕಳು ಮರುದಿನ ಅವರಿಗಿಂತ ಮೊದಲೇ ಬಂದು ಚಾವಡಿಯಲ್ಲಿ ಕಾಯುತ್ತಿದ್ದರು.

ಹಾಗಂತ ಮಗುವಿಗೆ ಬೇಸರ ಆಗುತ್ತದೆ ಅಂತ ತಪ್ಪನ್ನೇ ಹೇಳದೆ ಬಿಡುವುದು ಇನ್ನೊಂದು ಅನ್ಯಾಯ. ಅದನ್ನೂ ನಾನು ಮಾಡಿದ್ದೇನೆ. ಒಬ್ಬಳು ಹುಡುಗಿ, ಅಕ್ಷರ ಮುತ್ತಿನ ಹಾಗೆ. ಬರೆಯುತ್ತಿದ್ದದ್ದು ಮಾತ್ರ ಗೈಡಿನಿಂದ ಬಾಯಿಪಾಠ ಮಾಡಿದ್ದು. ಅಪ್ಪ ತೀರಿಹೋದ ಮನೆ, ಪಾಪ, ನೋಯಿಸುವುದು ಬೇಡ ಅಂತ ಮೂರು ವರ್ಷವೂ "ವೆರಿ ಗುಡ್" ಬರೆದುಕೊಟ್ಟೆ. ಡಿಗ್ರಿಗೆ ಹೋದ ಮೇಲೆ ಒಮ್ಮೆ ಉಡುಪಿಯ ಸಿಟಿ ಬಸ್ ನಿಲ್ದಾಣದಲ್ಲಿ ಸಿಕ್ಕಿದಳು. ಸ್ವಂತವಾಗಿ ನಾಲ್ಕು ಸಾಲು ಬರೆಯಬೇಕಾದರೆ ಕೈ ನಡುಗುತ್ತದೆ ಟೀಚರ್, ನಿಮಗೆ ಆಗಲೇ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ ಅಂತ ಕೇಳಿದಳು. ಜಗಳದ ಸ್ವರ ಇರಲಿಲ್ಲ. ಅವಳ ಬಸ್ಸು ಬರುವ ತನಕವೂ ನನಗೆ ಉತ್ತರ ಸಿಗಲಿಲ್ಲ.

ಒಂದು ಸೆಕ್ಷನಿನಲ್ಲಿ 50, 60 ಮಕ್ಕಳು, ಅದರ ಮೇಲೆ ಚುನಾವಣೆ ಡ್ಯೂಟಿ, ಗಣತಿ, ಬಿಸಿಯೂಟದ ಲೆಕ್ಕ, ಇದೆಲ್ಲದರ ನಡುವೆ ಒಬ್ಬೊಬ್ಬರನ್ನೇ ಜಗಲಿಗೆ ಕರೆಯುವುದು ಎಲ್ಲಿಂದ ಅಂತ ಶಿಕ್ಷಕರು ಕೇಳುತ್ತಾರೆ. ಕೇಳಬೇಕಾದದ್ದೇ. ನನಗೆ ಸಾಧ್ಯ ಆದದ್ದನ್ನು ಹೇಳುತ್ತೇನೆ. ಎಲ್ಲ ಪುಸ್ತಕವನ್ನು ಒಂದೇ ರಾತ್ರಿ ನೋಡುವುದನ್ನು ಬಿಟ್ಟೆ, ದಿನಕ್ಕೆ 10 ನೋಡಿದೆ. ತುಂಬ ಮಕ್ಕಳು ಮಾಡುವ ತಪ್ಪು ಒಂದೇ ಇರುತ್ತದೆ, ಅದನ್ನು ಯಾರದ್ದು ಅಂತ ಹೇಳದೆ ಹಲಗೆಯಲ್ಲಿ ಬರೆದು ಕ್ಲಾಸಿನವರ ಹತ್ತಿರವೇ ಸರಿ ಮಾಡಿಸಿದೆ. ಕರೆದು ಮಾತಾಡಬೇಕಾದವರು ವಾರಕ್ಕೆ ನಾಲ್ಕೈದು ಮಂದಿ ಮಾತ್ರ ಉಳಿದರು. ಕೋಪ ಬಂದ ದಿನ ಪುಸ್ತಕ ಮುಟ್ಟಲಿಲ್ಲ. ಮತ್ತೆ, ಹೇಳುವುದಕ್ಕಿಂತ ಮೊದಲು ಕೇಳಲು ಕಲಿತೆ. "ಎಂತ ಮಾರಾಯ್ತಿ, ಅರ್ಧಕ್ಕೇ ನಿಲ್ಲಿಸಿದ್ದೀಯಲ್ಲ, ಯಾಕೆ?" ಅಂತ ಕೇಳಿದರೆ "ಅಮ್ಮನ ಬೀಡಿ ಬ್ರಾಂಚಿಗೆ ಕೊಟ್ಟು ಬರುವಾಗ ಕತ್ತಲಾಯ್ತು ಟೀಚರ್" ಅಂತ ಉತ್ತರ ಬರುತ್ತಿತ್ತು. ಅದು ಗೊತ್ತಿಲ್ಲದೆ ಸೋಮಾರಿ ಅಂತ ಬರೆದಿದ್ದರೆ?

ನಮ್ಮ ಜಿಲ್ಲೆಗಳ ಶಾಲೆಗಳ ಮೇಲೆ ರಿಸಲ್ಟಿನ ಒತ್ತಡ ಜಾಸ್ತಿ, ಅದೂ ಗೊತ್ತು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ನನಗೂ ಹೆಮ್ಮೆ ಇದೆ. ಆದರೆ ಸರ್ಕಲುಗಳಲ್ಲಿ ಫ್ಲೆಕ್ಸ್ ಹಾಕುವ ಈ ಊರಿನಲ್ಲಿ 625ಕ್ಕೆ 600 ತೆಗೆದ ಮಗುವನ್ನೂ "25 ಎಲ್ಲಿ ಹೋಯ್ತು" ಅಂತ ಕೇಳುತ್ತಾರೆ, 250 ತೆಗೆದ ಮಗುವಿನ ಹತ್ತಿರ ಯಾರೂ ಮಾತೇ ಆಡುವುದಿಲ್ಲ. ಇಬ್ಬರಿಗೂ ಮುಂದಿನ ಹೆಜ್ಜೆ ಯಾವುದು ಅಂತ ಗೊತ್ತಿರುವುದಿಲ್ಲ.

ಆ ಪತ್ರ ಬರೆದ ಶಿಕ್ಷಕರ ಹತ್ತಿರ, ಮತ್ತೆ ಎಲ್ಲ ಮುಖ್ಯೋಪಾಧ್ಯಾಯರ ಹತ್ತಿರ ನನ್ನದೊಂದು ವಿನಂತಿ. ಮುಂದಿನ ಪೋಷಕರ ಸಭೆಯಲ್ಲಿ ಮಗುವಿಗೂ ಒಂದು ಕುರ್ಚಿ ಹಾಕಿ. ಉಳಿದ ಪೋಷಕರು ಬಾಗಿಲ ಹೊರಗೆ ಕಾಯಲಿ. ಉತ್ತರ ಪತ್ರಿಕೆಯನ್ನು ಅಪ್ಪ ಅಮ್ಮನ ಕೈಗೆ ಕೊಡುವ ಮೊದಲು ಮಗುವಿನ ಎದುರು ಬಿಡಿಸಿಟ್ಟು, ಎಲ್ಲಿ ತಪ್ಪಿತು ಅಂತ ಅದರ ಬಾಯಿಂದಲೇ ಕೇಳಿ. ಒಬ್ಬರಿಗೆ ಐದು ನಿಮಿಷ ಸಾಕು. ನನ್ನ ಮೊಮ್ಮಗಳು ಅವತ್ತು ರಾತ್ರಿ ಊಟ ಆದ ಮೇಲೆ ಆ ನಾಲ್ಕು ಲೆಕ್ಕಗಳನ್ನು ಮತ್ತೆ ಮಾಡಿದಳು. ಮೂರು ಸರಿ ಬಂತು. ನಾಲ್ಕನೆಯದರಲ್ಲಿ ಮತ್ತೆ ಮೈನಸ್ ಬಿಟ್ಟಿದ್ದಳು, ನಾನು ಬಾಯಿ ತೆರೆಯುವ ಮೊದಲೇ "ನಿಲ್ಲಿ ಅಜ್ಜಿ, ಹೇಳ್ಬೇಡಿ" ಅಂತ ರಬ್ಬರು ಎತ್ತಿಕೊಂಡಳು.

ಇತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಉಡುಪಿ